ಟೈರ್ ಎಷ್ಟು ಅಗಲ ಇರಬೇಕು? ಒಂದು ಭೌತಶಾಸ್ತ್ರ ಪಾಠ



ಪ್ರಥಮ ಪಿಯುಸಿಯಲ್ಲಿ ಘರ್ಷಣೆಯ ಪಾಠ ಮುಗಿಸಿದ ದಿನ ಒಬ್ಬ ವಿದ್ಯಾರ್ಥಿ ಎದ್ದು ನಿಂತು ಕೇಳಿದ: "ಸರ್, ಘರ್ಷಣೆ ಸಂಪರ್ಕದ ವಿಸ್ತೀರ್ಣದ ಮ್ಯಾಲೆ ಇರೂದಿಲ್ಲ ಅಂತ ಬುಕ್ಕಿನ್ಯಾಗ ಐತಿ. ಹಂಗಾದ್ರ ಸ್ಪೋರ್ಟ್ಸ್ ಕಾರಿಗೆ ಅಷ್ಟು ಅಗಲದ ಟೈರ್ ಯಾಕ ಹಾಕ್ತಾರ್ರೀ?"

ವಿಚಾರಿಸಿದಾಗ ವಿಷಯ ತಿಳಿಯಿತು. ಅವರ ಮನೆಯ ಸ್ವಿಫ್ಟ್ ಕಾರಿನ ಟೈರುಗಳು ಸವೆದಿದ್ದವು. ಸ್ಪೋರ್ಟ್ಸ್ ಕಾರಿನಂತೆ ಕಾಣಲೆಂದು ಅಗಲದ ಟೈರ್ ಹಾಕಿಸಬೇಕೆಂಬುದು ಅಣ್ಣನ ಹಟ. ತಂದೆಯವರಿಗೆ ಅದು ಬೇಡ, ಆದರೆ ಏಕೆ ಬೇಡ ಎಂದು ಹೇಳಲು ಅವರ ಬಳಿ ಕಾರಣವಿರಲಿಲ್ಲ. ಆ ಕಾರಣವನ್ನು ನಾವು ತರಗತಿಯಲ್ಲೇ ಲೆಕ್ಕ ಹಾಕಿ ನೋಡಿದೆವು. ಅದೇ ಪಾಠ ಇಲ್ಲಿದೆ. ಪೆನ್ನು ಹಾಳೆ ಹತ್ತಿರ ಇಟ್ಟುಕೊಂಡು ಓದಿರಿ.

1. ಟೈರಿನ ಮೇಲಿನ ಅಂಕಿಗಳು

2018ರಲ್ಲಿ ಬಂದ ಸ್ವಿಫ್ಟ್‌ನ ಕೆಳದರ್ಜೆಯ ಮಾದರಿಗೆ ಕಂಪನಿ ಕೊಟ್ಟ ಟೈರ್ 165/80 ಆರ್ 14. ಇದರಲ್ಲಿ 165 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 80 ಎಂದರೆ ಟೈರಿನ ಪಕ್ಕೆಯ ಎತ್ತರ ಅಗಲದ ಶೇಕಡಾ 80ರಷ್ಟು ಎಂದು. ಆರ್ ಎಂದರೆ ರೇಡಿಯಲ್. 14 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಮುಂದೆ 85 ಟಿ ಎಂದು ಬರೆದಿದ್ದರೆ, 85 ಅದು ಹೊರುವ ಭಾರದ ಸಂಕೇತ (515 ಕೆ.ಜಿ.), ಟಿ ವೇಗದ ಸಂಕೇತ (ಗಂಟೆಗೆ 190 ಕಿ.ಮೀ.).

ಒಂದು ಇಂಚು 25.4 ಮಿ.ಮೀ. ಈಗ ಗಾಲಿಯ ಪೂರ್ತಿ ವ್ಯಾಸ ತೆಗೆಯೋಣ:

ಪಕ್ಕೆಯ ಎತ್ತರ = 165 × 0.80 = 132 ಮಿ.ಮೀ.
ವ್ಯಾಸ = (2 × 132) + (14 × 25.4) = 264 + 355.6 = 619.6 ಮಿ.ಮೀ.

ಅದೇ ಕಾರಿನ ಮೇಲ್ದರ್ಜೆಯ ಮಾದರಿಗೆ ಕಂಪನಿ ಕೊಟ್ಟದ್ದು 185/65 ಆರ್ 15. ಅದರ ವ್ಯಾಸ 240.5 + 381 = 621.5 ಮಿ.ಮೀ. ಅಗಲ 20 ಮಿ.ಮೀ. ಹೆಚ್ಚಿದರೂ ವ್ಯಾಸ ಹೆಚ್ಚಿದ್ದು ಶೇಕಡಾ 0.3 ಮಾತ್ರ! ಅಗಲ ಹೆಚ್ಚಿಸಿ, ರಿಮ್ ದೊಡ್ಡದು ಮಾಡಿ, ಪಕ್ಕೆಯನ್ನು ತಗ್ಗಿಸಿ ಎಂಜಿನಿಯರುಗಳು ವ್ಯಾಸವನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ.

2. ವ್ಯಾಸ ಬದಲಾದರೆ ಏನಾಗುತ್ತದೆ?

ಅಣ್ಣನ ಮನಸ್ಸಿನಲ್ಲಿದ್ದದ್ದು 205/65 ಆರ್ 15. ಅದರ ವ್ಯಾಸ 266.5 + 381 = 647.5 ಮಿ.ಮೀ. ಮೂಲ ಟೈರಿಗಿಂತ ಶೇಕಡಾ 4.5 ಹೆಚ್ಚು.

ಕಾರಿನ ಮೀಟರ್ ಗಾಲಿಯ ಸುತ್ತುಗಳನ್ನು ಎಣಿಸಿ ವೇಗ ತೋರಿಸುತ್ತದೆ. ಗಾಲಿ ಬದಲಾಗಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಮೊದಲು ಸರಿಯಾಗಿ 60 ತೋರಿಸುತ್ತಿದ್ದ ಮೀಟರ್ ಈಗಲೂ 60 ತೋರಿಸುತ್ತದೆ, ಆದರೆ ಕಾರು ಓಡುವುದು 62.7 ಕಿ.ಮೀ. ವೇಗದಲ್ಲಿ. ಬ್ರೇಕ್ ಹಾಕಿದ ಮೇಲೆ ಕ್ರಮಿಸುವ ದೂರ ವೇಗದ ವರ್ಗಕ್ಕೆ ಅನುಲೋಮ ಎಂದು ನೀವು ಕಲಿತಿದ್ದೀರಿ. 1.045ರ ವರ್ಗ 1.09. ಅಂದರೆ ಡ್ರೈವರಿಗೆ ತಿಳಿಯದಂತೆಯೇ ಆ ದೂರ ಶೇಕಡಾ 9 ಹೆಚ್ಚಾಯಿತು.

ಇನ್ನೊಂದು ನಷ್ಟವೂ ಇದೆ. ಗಾಲಿಗೆ ಬರುವ ಟಾರ್ಕ್ ಅಷ್ಟೇ ಇದ್ದು ತ್ರಿಜ್ಯ ಹೆಚ್ಚಿದರೆ ಎಳೆಯುವ ಬಲ ಕಡಿಮೆಯಾಗುತ್ತದೆ. ಮನೆಮಂದಿಯೆಲ್ಲ ಕೂತು ನಿಪ್ಪಾಣಿ ಹತ್ತಿರದ ತವಂದಿ ಘಾಟ್ ಏರುವಾಗ ಇದು ಗೊತ್ತಾಗುತ್ತದೆ.

3. ರಿಮ್ಮಿಗೂ ಅಗಲವಿದೆ

205/65 ಆರ್ 15 ಟೈರಿಗೆ ಕನಿಷ್ಠ 5.5 ಇಂಚು ಅಗಲದ ರಿಮ್ ಬೇಕು. ಇಕ್ಕಟ್ಟಾದ ರಿಮ್ಮಿಗೆ ಅಗಲದ ಟೈರ್ ಕೂಡಿಸಿದರೆ ಪಕ್ಕೆಗಳು ಒಳಕ್ಕೆ ಬಾಗಿ ಟೈರ್ ಬಲೂನಿನಂತೆ ಉಬ್ಬುತ್ತದೆ. ಆಗ ನಡುಭಾಗ ಬೇಗ ಸವೆಯುತ್ತದೆ, ತಿರುವಿನಲ್ಲಿ ಕಾರು ಓಲಾಡುತ್ತದೆ.

ರಿಮ್ ಬದಲಿಸುವಾಗ ನಟ್ಟಿನ ತೂತುಗಳ ಅಳತೆ (ಸ್ವಿಫ್ಟ್‌ಗೆ 4 ತೂತು, 100 ಮಿ.ಮೀ. ವೃತ್ತ) ಮತ್ತು ಆಫ್‌ಸೆಟ್ ಎರಡೂ ಹೊಂದಬೇಕು. ಆಫ್‌ಸೆಟ್ ಎಂದರೆ ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ ಕೂಡುವ ಮುಖದವರೆಗಿನ ದೂರ. ಆಫ್‌ಸೆಟ್ ಹಾಗೇ ಇಟ್ಟು ರಿಮ್ಮನ್ನು 1 ಇಂಚು ಅಗಲ ಮಾಡಿದರೆ ಒಳಗೆ 12.7 ಮಿ.ಮೀ., ಹೊರಗೆ 12.7 ಮಿ.ಮೀ. ಹೆಚ್ಚುತ್ತದೆ. ಒಳಗೆ ಸಸ್ಪೆನ್ಷನ್‌ಗೆ, ಹೊರಗೆ ಮಡ್‌ಗಾರ್ಡಿಗೆ ತಾಗುತ್ತದೆಯೋ ಎಂದು ಸ್ಟೇರಿಂಗ್ ಪೂರ್ತಿ ತಿರುಗಿಸಿ, ಕಾರಿನಲ್ಲಿ ಐದು ಮಂದಿಯನ್ನು ಕೂಡಿಸಿ ನೋಡಬೇಕು.

4. ಈಗ ಮೂಲ ಪ್ರಶ್ನೆಗೆ ಬರೋಣ

ಜನ ಕೂತ ಕಾರಿನ ತೂಕ 1100 ಕೆ.ಜಿ. ಎಂದುಕೊಳ್ಳಿ. ಒಂದು ಗಾಲಿಯ ಪಾಲು 275 ಕೆ.ಜಿ., ಅಂದರೆ ಸುಮಾರು 2700 ನ್ಯೂಟನ್. ಗಾಳಿಯ ಒತ್ತಡ 30 ಪಿಎಸ್‌ಐ, ಅಂದರೆ ಸುಮಾರು 2.07 ಲಕ್ಷ ಪಾಸ್ಕಲ್. ಬಲವನ್ನು ಒತ್ತಡದಿಂದ ಭಾಗಿಸಿದರೆ ಟೈರ್ ನೆಲಕ್ಕೆ ತಾಗುವ ಜಾಗ ಸುಮಾರು 130 ಚದರ ಸೆಂ.ಮೀ. ಇದು ಹೆಚ್ಚು ಕಡಿಮೆ ಒಂದು ಪೋಸ್ಟ್‌ಕಾರ್ಡಿನಷ್ಟು. ಇಡೀ ಕುಟುಂಬವನ್ನು ರಸ್ತೆಗೆ ಹಿಡಿದಿಡುವುದು ನಾಲ್ಕು ಪೋಸ್ಟ್‌ಕಾರ್ಡ್ ಜಾಗ!

ಈ ಲೆಕ್ಕದಲ್ಲಿ ಟೈರಿನ ಅಗಲ ಎಲ್ಲಿಯೂ ಬರಲಿಲ್ಲ, ಗಮನಿಸಿದಿರಾ? ಗಾಳಿ ಅಷ್ಟೇ ಇದ್ದರೆ ಅಗಲದ ಟೈರಿನಲ್ಲೂ ತಾಗುವ ಜಾಗ ಬಹುತೇಕ ಅಷ್ಟೇ. ಬದಲಾಗುವುದು ಅದರ ಆಕಾರ. ಉದ್ದ ಕಡಿಮೆಯಾಗಿ ಅಗಲ ಹೆಚ್ಚುತ್ತದೆ. ಈ ಆಕಾರದಿಂದ ತಿರುವಿನಲ್ಲಿ ಟೈರ್ ಬೇಗ ಹಿಡಿತ ಕೊಡುತ್ತದೆ.

ಪುಸ್ತಕದ ನಿಯಮ ತಪ್ಪಲ್ಲ, ಅದು ಗಟ್ಟಿ ಮೇಲ್ಮೈಗಳಿಗೆ ಚೆನ್ನಾಗಿ ಹೊಂದುತ್ತದೆ. ರಬ್ಬರ್ ಮೆತ್ತಗಿನ ವಸ್ತು. ಅದರ ಮೇಲೆ ಒತ್ತಡ ಹೆಚ್ಚಿದಂತೆ ಘರ್ಷಣಾ ಗುಣಾಂಕ ಸ್ವಲ್ಪ ಇಳಿಯುತ್ತದೆ, ಬಿಸಿಯಾದರೂ ಅದರ ಗುಣ ಬದಲಾಗುತ್ತದೆ. ಅಗಲದ ಟೈರಿನಲ್ಲಿ ಬಿಸಿ ಹೆಚ್ಚು ರಬ್ಬರಿಗೆ ಹಂಚಿಹೋಗುವುದರಿಂದ ಇನ್ನೂ ಮೆತ್ತನೆಯ, ಹೆಚ್ಚು ಹಿಡಿತದ ರಬ್ಬರ್ ಬಳಸಬಹುದು. ಸ್ಪೋರ್ಟ್ಸ್ ಕಾರಿನ ಅಗಲದ ಟೈರಿಗೆ ಕಾರಣ ಇದು. ಪೋರ್ಷೆ 911 ಕರೇರಾ (992) ಕಾರಿಗೆ ಮುಂದೆ 235, ಹಿಂದೆ 295 ಮಿ.ಮೀ. ಅಗಲದ ಟೈರ್ ಇವೆ. ಅದರ ಎಂಜಿನ್ ಹಿಂದಿದೆ, ಭಾರವೂ ಎಳೆತವೂ ಹಿಂದಿನ ಗಾಲಿಗಳ ಮೇಲೆ. ಸ್ವಿಫ್ಟ್‌ನ ಎಂಜಿನ್ ಮುಂದಿದೆ, ಎಳೆಯುವುದೂ ಮುಂದಿನ ಗಾಲಿಗಳು. ಅದನ್ನು ನೋಡಿ ಇದಕ್ಕೆ ಹಾಕುವುದರಲ್ಲಿ ಅರ್ಥವಿಲ್ಲ.

ಮಳೆಗಾಲದಲ್ಲಿ ಲೆಕ್ಕ ತಿರುಗಿಬೀಳುತ್ತದೆ. ನಿಂತ ನೀರನ್ನು ಪಕ್ಕಕ್ಕೆ ತಳ್ಳಲು ಅಗಲದ ಟೈರಿಗೆ ಕಷ್ಟ, ವೇಗ ಹೆಚ್ಚಿದರೆ ಅದು ನೀರಿನ ಮೇಲೆ ತೇಲತೊಡಗುತ್ತದೆ. ಸವೆದ ಟೈರಾದರೆ ಇನ್ನೂ ಬೇಗ. ಕಾರಿನ ಟೈರಿನ ಗಾಡಿಗಳ ಆಳ 1.6 ಮಿ.ಮೀ.ಗೆ ಇಳಿದರೆ, ಎಷ್ಟೇ ಅಗಲವಿದ್ದರೂ ಅದನ್ನು ಬದಲಿಸಲೇಬೇಕು.

5. ಬೈಕಿಗೂ ಇದೇ ಲೆಕ್ಕ

ಅನೇಕ 150 ಸಿಸಿ ಬೈಕುಗಳ ಹಿಂದಿನ ಟೈರ್ 100/90-17. ವ್ಯಾಸ 611.8 ಮಿ.ಮೀ. ಅದಕ್ಕೆ 140/70-17 ಹಾಕಿದರೆ ಎಷ್ಟಾಗುತ್ತದೆ, ನೀವೇ ಲೆಕ್ಕ ಹಾಕಿ (ಉತ್ತರ: 627.8 ಮಿ.ಮೀ., ಶೇಕಡಾ 2.6 ಹೆಚ್ಚು). ವ್ಯಾಸಕ್ಕಿಂತ ಇಲ್ಲಿ ರಿಮ್ಮಿನದೇ ದೊಡ್ಡ ತೊಂದರೆ. ಬೈಕ್ ತಿರುವಿನಲ್ಲಿ ವಾಲುತ್ತದೆ, ಆದ್ದರಿಂದ ಟೈರಿನ ದುಂಡು ಆಕಾರವೇ ಅದರ ಜೀವ. ಸಣ್ಣ ರಿಮ್ ಹಿಂಡಿದಾಗ ಆ ದುಂಡು ಕೆಡುತ್ತದೆ. ಟೈರ್ ಚೈನಿಗೆ ಉಜ್ಜುವ ಅಪಾಯ ಬೇರೆ. ಇನ್ನು, ಗೇರ್ ಬೈಕ್ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಇಷ್ಟೆಲ್ಲ ಏಕೆ ಹೇಳುತ್ತೇನೆಂದರೆ, ಕಬ್ಬಿನ ಹಂಗಾಮಿನಲ್ಲಿ ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ರಸ್ತೆಗಳು ಹೇಗಿರುತ್ತವೆ ಎಂದು ನಿಮಗೆ ಗೊತ್ತು. ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹಿಂದೆ ದೀಪವಿಲ್ಲದೆ ಕತ್ತಲಲ್ಲಿ ನಿಂತಿರುತ್ತದೆ. 60 ಕಿ.ಮೀ. ವೇಗದಲ್ಲಿ, ಘರ್ಷಣಾ ಗುಣಾಂಕ 0.7 ಇದ್ದರೆ, ಬ್ರೇಕ್ ಹಿಡಿದ ಮೇಲೆ ನಿಲ್ಲಲು ಸುಮಾರು 20 ಮೀಟರ್ ಬೇಕು. ಗುಣಾಂಕ 0.4ಕ್ಕೆ ಇಳಿದರೆ 35 ಮೀಟರ್. ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಇನ್ನೂ 17 ಮೀಟರ್ ಹೋಗಿರುತ್ತದೆ. ಆ ಹೊತ್ತಿಗೆ ಕೈಹಿಡಿಯುವುದು ಟೈರಿನ ಅಂದವಲ್ಲ; ಸರಿಯಾದ ಅಳತೆ, ಸರಿಯಾದ ಗಾಳಿ ಮತ್ತು ಕಡಿಮೆ ವೇಗ.

ನೆನಪಿಡಿ:

• ಹೊಸ ಟೈರಿನ ವ್ಯಾಸ ಮೂಲ ಟೈರಿನ ವ್ಯಾಸಕ್ಕೆ ಆದಷ್ಟು ಹತ್ತಿರವಿರಲಿ.
• ಭಾರದ ಮತ್ತು ವೇಗದ ಸಂಕೇತ ಮೂಲಕ್ಕಿಂತ ಕಡಿಮೆ ಇರಬಾರದು.
• ರಿಮ್ಮಿನ ಅಗಲ, ತೂತುಗಳ ಅಳತೆ, ಆಫ್‌ಸೆಟ್ ಹೊಂದಬೇಕು.
• ಅದೇ ವಾಹನಕ್ಕೆ ಕಂಪನಿಯೇ ಒಪ್ಪಿದ ಅಳತೆಗಳಲ್ಲೇ ಆರಿಸಿ. ಮಾಲೀಕರ ಕೈಪಿಡಿಯಲ್ಲಿ ಮತ್ತು ಅನೇಕ ಕಾರುಗಳಲ್ಲಿ ಡ್ರೈವರ್ ಬಾಗಿಲಿನ ಚೌಕಟ್ಟಿನ ಮೇಲೆ ಬರೆದಿರುತ್ತದೆ.

ಆ ವಿದ್ಯಾರ್ಥಿ ಲೆಕ್ಕದ ಹಾಳೆಯನ್ನು ಮನೆಗೆ ಒಯ್ದ. ಹೊಸ ರಿಮ್ಮುಗಳ ಖರ್ಚನ್ನೂ ಕೂಡಿಸಿ ನೋಡಿದ ಮೇಲೆ ಹಳೆಯ ಅಳತೆಯ ನಾಲ್ಕು ಹೊಸ ಟೈರುಗಳೇ ಬಂದವು. ತಂದೆಯವರಿಗೆ ಸಮಾಧಾನ. ಅಣ್ಣ ಮಾತ್ರ ಇನ್ನೂ ಮುನಿಸಿಕೊಂಡಿದ್ದಾನಂತೆ!

ಇಂದು ಸಂಜೆ ನಿಮ್ಮ ಮನೆಯ ವಾಹನದ ಟೈರ್ ಮೇಲಿನ ಅಂಕಿ ಬರೆದುಕೊಳ್ಳಿ, ವ್ಯಾಸ ತೆಗೆಯಿರಿ, ನಾಳೆ ತರಗತಿಗೆ ತನ್ನಿ.

— ಭೌತಶಾಸ್ತ್ರ ವಿಭಾಗ