ಕಡಲ ತೀರದಲ್ಲೊಂದು ಮನೆ: ಕೊಳ್ಳುವ ಮುನ್ನ



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಈಗ ಕಟ್ಟುವ ಕಷ್ಟವೇ ಬೇಡವೆಂದು ಕಟ್ಟಿದ ಮನೆಯನ್ನೇ ಕೊಳ್ಳುವವರು ಬಹಳ. ಮಗ ಗಲ್ಫಿನಲ್ಲಿ ದುಡಿಯುತ್ತಿದ್ದಾನೆ, ಅಪ್ಪನಿಗೆ ನಿವೃತ್ತಿಯ ಹಣ ಬಂದಿದೆ. ಮೂಲ ಊರು ಮಂಗಳೂರಿನ ಕಡೆ ಇರಬಹುದು. ಇಲ್ಲವೇ ಬಯಲುಸೀಮೆಯ ಬಿಸಿಲಿನಲ್ಲಿ ಬೆಂದ ಜೀವ ಕಡಲ ಗಾಳಿಯನ್ನು ಬಯಸುತ್ತಿರಬಹುದು. ಅಂಥ ಹೊತ್ತಿನಲ್ಲಿ ಬಣ್ಣದ ಕರಪತ್ರವೊಂದು ಕೈಗೆ ಬರುತ್ತದೆ. ಸುತ್ತ ಎತ್ತರದ ಕಾಂಪೌಂಡು, ಗೇಟಿನಲ್ಲಿ ಕಾವಲುಗಾರ, ಒಳಗೆ ಈಜುಕೊಳ, ಎದುರಿಗೆ ಕಡಲು. ಕೆಳಗೆ ದಪ್ಪಕ್ಷರದಲ್ಲಿ, ಆಯ್ದ ಕುಟುಂಬಗಳಿಗೆ ಮಾತ್ರ. ಕೊಳ್ಳಬೇಕೇ, ಬೇಡವೇ?

ಬ್ಯಾಂಕಿನವರನ್ನು ಕೇಳುತ್ತೇವೆ, ವಕೀಲರನ್ನು ಕೇಳುತ್ತೇವೆ. ಕೇಳಲೇಬೇಕು. ಆದರೆ ಇದು ಮನಸ್ಸಾಕ್ಷಿಯ ಪ್ರಶ್ನೆಯೂ ಹೌದು.

ತಾವರಗೇರಾ ಕಡಲಿಗೆ ದೂರದ ಊರು. ಆದರೂ ಈ ಮಾತು ನಮಗೆ ದೂರದ್ದಲ್ಲ. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಿಂದ ಜನ ಮಂಗಳೂರು, ಉಡುಪಿ, ಗೋವಾ, ಬೆಂಗಳೂರುಗಳಿಗೆ ಗುಳೆ ಹೋಗುತ್ತಾರೆ. ಗೌಂಡಿ ಕೆಲಸ, ಇಟ್ಟಿಗೆ ಹೊರುವ ಕೆಲಸ, ಸೆಂಟ್ರಿಂಗ್ ಕೆಲಸ. ಊರಲ್ಲಿ ಮುದುಕರೂ ಮಕ್ಕಳೂ ಉಳಿಯುತ್ತಾರೆ. ಕಡಲ ತೀರದ ಮನೆಗಳ ಗೋಡೆಗಳಲ್ಲಿ ನಮ್ಮ ನಾಡಿನವರ ಬೆವರೂ ಇದೆ. ಕಟ್ಟಿದ ಮೇಲೆ ಅದೇ ಗೇಟಿನೊಳಗೆ ಹೋಗಲು ಅವರು ಕಾವಲುಗಾರನ ಅಪ್ಪಣೆ ಕೇಳಬೇಕು.

ಸ್ವಂತ ಮನೆ ಬಯಸುವುದು ತಪ್ಪೇ?

ತಪ್ಪಲ್ಲ. 1891ರಲ್ಲಿ ಜಗದ್ಗುರು 13ನೇ ಲಿಯೋರವರು ‘ರೇರುಂ ನೊವಾರುಂ’ ಎಂಬ ವಿಶ್ವಪತ್ರದಲ್ಲಿ ದುಡಿಯುವವನಿಗೆ ಆಸ್ತಿ ಹೊಂದುವ ಹಕ್ಕಿದೆ ಎಂದು ಸಮರ್ಥಿಸಿದರು. ಆದರೆ ಧರ್ಮಸಭೆ ಅಷ್ಟಕ್ಕೇ ನಿಲ್ಲುವುದಿಲ್ಲ. ಸಂತ ಥಾಮಸ್ ಅಕ್ವೈನಾಸರು ಒಡೆತನ ಮತ್ತು ಬಳಕೆ ಎಂಬ ಎರಡನ್ನು ಬೇರ್ಪಡಿಸುತ್ತಾರೆ. ವಸ್ತುಗಳನ್ನು ಸಂಪಾದಿಸಿ ನಿರ್ವಹಿಸುವುದು ಒಬ್ಬೊಬ್ಬರಿಗೆ ಸೇರಿದ್ದಾಗಿರಬಹುದು. ಆದರೆ ಬಳಸುವಾಗ ಅವು ಎಲ್ಲರಿಗಾಗಿ ಇವೆ ಎಂಬಂತೆ, ಕೊರತೆಯಲ್ಲಿರುವವರೊಡನೆ ಹಂಚಿಕೊಳ್ಳಲು ಸಿದ್ಧರಾಗಿ ಬಳಸಬೇಕು. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯೂ ಭೂಮಿಯ ಸಂಪತ್ತು ಇರುವುದು ಎಲ್ಲ ಮಾನವರಿಗಾಗಿ ಎಂದು ಬೋಧಿಸಿತು. ಜಗದ್ಗುರು ಫ್ರಾನ್ಸಿಸ್‌ರವರು 2015ರ ‘ಲೌದಾತೊ ಸೀ’ಯಲ್ಲಿ ನಮ್ಮ ವಿಷಯವನ್ನೇ ನೇರವಾಗಿ ಎತ್ತಿದರು. ಚೆಲುವಾದ ತಾಣಗಳು ಖಾಸಗಿಯಾಗಿ ಜನರ ಕೈ ತಪ್ಪುತ್ತಿರುವುದನ್ನೂ, ಹೊರಗಿನವರಿಗೆ ಮುಚ್ಚಿದ ಬಡಾವಣೆಗಳು ಕೃತಕ ನೆಮ್ಮದಿಯನ್ನು ಕೊಡುವುದನ್ನೂ ಅವರು ಎತ್ತಿ ತೋರಿಸಿದರು.

ಹಾಗಾದರೆ ಕೇಳಬೇಕಾದ ಪ್ರಶ್ನೆ ಇದು: ನೀವು ದುಡ್ಡು ಕೊಡುತ್ತಿರುವುದು ಮನೆಗೋ, ಗೋಡೆಗೋ?

ಮೊದಲು ಕೂತು ಲೆಕ್ಕ ಹಾಕಿ

ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಪ್ರಭು ಯೇಸು ಕೇಳುತ್ತಾರೆ (ಲೂಕ 14:28). ನಾವೂ ಹಾಕೋಣ. 50 ಲಕ್ಷ ರೂಪಾಯಿ ಸಾಲವನ್ನು ಶೇ. 9ರ ಬಡ್ಡಿಗೆ 20 ವರ್ಷದ ಅವಧಿಗೆ ತೆಗೆದರೆ ತಿಂಗಳ ಕಂತು ಸುಮಾರು 45,000 ರೂಪಾಯಿ. ಸಾಲ ತೀರುವ ಹೊತ್ತಿಗೆ ಕಟ್ಟಿದ್ದು ಸುಮಾರು 1 ಕೋಟಿ 8 ಲಕ್ಷ. ಈಜುಕೊಳ, ಲಿಫ್ಟು, ಕಾವಲಿಗೆ ಪ್ರತಿ ತಿಂಗಳು ಕಟ್ಟುವ ನಿರ್ವಹಣಾ ಶುಲ್ಕ ಬೇರೆ. ಕಡಲಿನ ಉಪ್ಪುಗಾಳಿ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಕಿಟಕಿಯ ಸರಳಿನಿಂದ ಕಾಂಕ್ರೀಟಿನೊಳಗಿನ ಕಂಬಿಯವರೆಗೆ ದುರಸ್ತಿಯ ಖರ್ಚು ಇದ್ದೇ ಇರುತ್ತದೆ. ಈ ಕಂತಿಗಾಗಿ ತಂದೆ ಇನ್ನೂ ಹತ್ತು ವರ್ಷ ಪರದೇಶದಲ್ಲಿ ಒಬ್ಬನೇ ಇರಬೇಕಾದರೆ, ಆ ಮನೆ ಕುಟುಂಬವನ್ನು ಕೂಡಿಸಿತೋ, ಅಗಲಿಸಿತೋ?

ಮರಳು ಮತ್ತು ಕಾನೂನು

ಮರಳಿನ ಮೇಲೆ ಮನೆ ಕಟ್ಟಿದ ಬುದ್ಧಿಗೇಡಿಯ ಸಾಮತಿ ನಿಮಗೆ ಗೊತ್ತು (ಮತ್ತಾಯ 7:26-27). ಕಡಲ ತೀರದಲ್ಲಿ ಅದನ್ನು ಅಕ್ಷರಶಃ ಓದಿಕೊಳ್ಳಬೇಕು. ಮಂಗಳೂರಿನ ಪಕ್ಕದ ಉಳ್ಳಾಲದಲ್ಲಿ ಮಳೆಗಾಲದ ಕಡಲ್ಕೊರೆತಕ್ಕೆ ಎಷ್ಟೋ ಮನೆಗಳೂ ತೆಂಗಿನ ಮರಗಳೂ ಬಲಿಯಾಗಿವೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಕರಾವಳಿಯ ಮೂರೂ ಜಿಲ್ಲೆಗಳು ಹಾನಿ ಅನುಭವಿಸಿದವು.

ಕೇಂದ್ರ ಸರ್ಕಾರ 1991ರ ಫೆಬ್ರವರಿಯಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯನ್ನು ಹೊರಡಿಸಿತು. ಉಬ್ಬರದ ಗೆರೆಯಿಂದ 500 ಮೀಟರಿನವರೆಗಿನ ಜಾಗ ನಿಯಂತ್ರಣಕ್ಕೆ ಒಳಪಟ್ಟಿತು. 2011ರಲ್ಲಿ, ಮತ್ತೆ 2019ರಲ್ಲಿ ನಿಯಮ ಬದಲಾಯಿತು. ಜನದಟ್ಟಣೆಯ ಹಳ್ಳಿಗಾಡಿನಲ್ಲಿ ಕಟ್ಟಡ ನಿಷೇಧದ ಪಟ್ಟಿ 200 ಮೀಟರಿನಿಂದ 50 ಮೀಟರಿಗೆ ಇಳಿಯಿತು. ಕಾನೂನಿನ ಗೆರೆ ಹಿಂದೆ ಸರಿದರೂ ಕಡಲು ಆ ಗೆರೆಯನ್ನು ಓದಿಲ್ಲ.

ಕೇರಳದ ಮರಡು ನಮಗೆ ಪಾಠವಾಗಲಿ. ಅಲ್ಲಿ ಹಿನ್ನೀರಿನ ದಡದ ವಸತಿ ಸಮುಚ್ಚಯಗಳಿಗೆ 2006ರಲ್ಲಿ ಪಂಚಾಯಿತಿಯೇ ಅನುಮತಿ ಕೊಟ್ಟಿತ್ತು. ಕರಾವಳಿ ನಿಯಮ ಮುರಿದಿದೆಯೆಂದು 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅವನ್ನು ಕೆಡವಲು ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ನಾಲ್ಕು ಸಮುಚ್ಚಯಗಳನ್ನು ಸ್ಫೋಟಕವಿಟ್ಟು ಉರುಳಿಸಲಾಯಿತು. ಮುನ್ನೂರಕ್ಕೂ ಹೆಚ್ಚು ಫ್ಲ್ಯಾಟುಗಳು ಮಣ್ಣುಗೂಡಿದವು. ಒಂದೊಂದು ಫ್ಲ್ಯಾಟಿಗೆ 25 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡಬೇಕೆಂದು ಕೋರ್ಟು ಹೇಳಿತ್ತು. ಬದುಕಿನ ಗಳಿಕೆ ಸುರಿದವರ ನೋವಿಗೆ ಪರಿಹಾರವೆಲ್ಲಿ?

ಆದ್ದರಿಂದ ಮುಂಗಡ ಕೊಡುವ ಮೊದಲೇ ಕೇಳಿ: ಭೂ ಪರಿವರ್ತನೆ ಆಗಿದೆಯೇ? ಋಣಭಾರ ಪತ್ರ ಸರಿಯಿದೆಯೇ? ಕರಾವಳಿ ವಲಯದ ನಕ್ಷೆಯಲ್ಲಿ ಈ ಸರ್ವೆ ನಂಬರು ಎಲ್ಲಿದೆ? 2016ರ ರೇರಾ ಕಾಯಿದೆಯಡಿ ಯೋಜನೆ ನೋಂದಣಿಯಾಗಿದೆಯೇ? ಆ ಕಾಯಿದೆಯ ಪ್ರಕಾರ ಕೊಳ್ಳುವವರಿಂದ ಪಡೆದ ಹಣದಲ್ಲಿ ಶೇ. 70 ಭಾಗವನ್ನು ಅದೇ ಯೋಜನೆಗಾಗಿ ಬೇರೆ ಖಾತೆಯಲ್ಲಿ ಇಡಬೇಕು. ಇದನ್ನೆಲ್ಲ ಕೇಳುವುದು ಅಪನಂಬಿಕೆಯಲ್ಲ, ವಿವೇಕ. ವಿವೇಕವೂ ಒಂದು ಸದ್ಗುಣವೇ.

ಗೇಟಿನ ಹೊರಗಿನವರು

ಕಾಗದಪತ್ರ ಸರಿಯಿದೆ, ಹಣವೂ ಇದೆ ಎನ್ನೋಣ. ಆಗಲೂ ಒಂದು ಪ್ರಶ್ನೆ ಉಳಿಯುತ್ತದೆ.

ಐಶ್ವರ್ಯವಂತ ಮತ್ತು ಬಡ ಲಾಜರನ ಸಾಮತಿಯನ್ನು ನೆನೆಯಿರಿ (ಲೂಕ 16:19-31). ಐಶ್ವರ್ಯವಂತ ದೊಡ್ಡ ಮನೆ ಕಟ್ಟಿಸಿದ್ದಕ್ಕಾಗಿ ಶಿಕ್ಷೆ ಆಯಿತೆಂದು ಅಲ್ಲಿ ಹೇಳಿಲ್ಲ. ಬಾಗಿಲಲ್ಲೇ ಬಿದ್ದವನಿಗೆ ಅವನು ಏನೂ ಮಾಡಲಿಲ್ಲ. ಆದರೂ ಹೋಗಿಬರುವಾಗೆಲ್ಲ ಲಾಜರನನ್ನು ಕಾಣುವ ಅವಕಾಶವಾದರೂ ಅವನಿಗಿತ್ತು. ಇಂದಿನ ಕಾವಲುಗಾರ ಲಾಜರನನ್ನು ಬಾಗಿಲವರೆಗೂ ಬಿಡುವುದಿಲ್ಲ. ಕಾಣದಿದ್ದರೆ ಕನಿಕರ ಹುಟ್ಟುವುದೆಲ್ಲಿಂದ? ಅಂಥ ಗೋಡೆಯೊಳಗೆ ಬೆಳೆದ ಮಗು ಬಡವನನ್ನು ಕೆಲಸದವನಾಗಿ ಮಾತ್ರ ಕಂಡೀತು, ನೆರೆಯವನಾಗಿ ಕಾಣಲಾರದು.

ತೀರದಲ್ಲಿ ಈ ಹೊರಗಿನವರು ಯಾರು? ಮೊಗವೀರರು, ಖಾರ್ವಿಗಳು, ಅವರಲ್ಲಿ ನಮ್ಮ ಕ್ರೈಸ್ತ ಮೀನುಗಾರರೂ ಇದ್ದಾರೆ. ದೋಣಿ ಎಳೆಯಲು, ಕೈರಂಪಣಿ ಬಲೆ ಬೀಸಲು, ಮೀನು ಒಣಗಿಸಲು ಅವರಿಗೆ ದಡ ಬೇಕು, ದಡಕ್ಕೆ ದಾರಿ ಬೇಕು. ಸಮುದ್ರತೀರದಂಥ ನಿಸರ್ಗ ಸಂಪತ್ತಿಗೆ ಸರ್ಕಾರ ಕೇವಲ ಧರ್ಮದರ್ಶಿ, ಅದು ಜನರೆಲ್ಲರ ಬಳಕೆಗೆ ಇರುವಂಥದು ಎಂದು 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕಮಲನಾಥ್ ಪ್ರಕರಣದಲ್ಲಿ ಹೇಳಿತು. ಕಾಂಪೌಂಡು ಆ ದಾರಿಯನ್ನು ನುಂಗಿದರೆ ನಷ್ಟ ಅನ್ನಕ್ಕೇ. ನೀರಿನ ಮಾತೂ ಇದೆ. ಕಡಲ ಹತ್ತಿರ ಕೊಳವೆಬಾವಿಯಿಂದ ಅತಿಯಾಗಿ ಸಿಹಿನೀರು ಎತ್ತಿದರೆ ಆ ಜಾಗಕ್ಕೆ ಉಪ್ಪುನೀರು ನುಗ್ಗುತ್ತದೆ. ಒಳಗೆ ಈಜುಕೊಳ ತುಂಬಿದಾಗ ಹೊರಗೆ ಬಡವರ ಬಾವಿ ಉಪ್ಪಾಗಬಹುದು.

ಎಲ್ಲ ಗೋಡೆಯೂ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮಕ್ಕಳೆಲ್ಲ ದೂರವಿದ್ದು ಒಂಟಿಯಾದ ವೃದ್ಧ ತಾಯಿಗೆ ಕಾವಲು ಬೇಕು. ರಕ್ಷಣೆಗಾಗಿ ಇರುವ ಬಾಗಿಲು ಬೇರೆ, ನಾವು ಮೇಲಿನವರೆಂದು ತೋರಿಸಲು ಇರುವ ಬಾಗಿಲು ಬೇರೆ.

ನಿರ್ಧರಿಸುವ ಬಗೆ

ಲೊಯೋಲದ ಸಂತ ಇಗ್ನೇಷಿಯಸರು ತಮ್ಮ ‘ಆಧ್ಯಾತ್ಮಿಕ ಸಾಧನೆ’ಗಳಲ್ಲಿ ಆಯ್ಕೆ ಕಠಿಣವಾದಾಗ ಮೂರು ಬಗೆಯಲ್ಲಿ ಯೋಚಿಸಲು ಕಲಿಸುತ್ತಾರೆ. ಒಂದು ಸಂಜೆ ಜಪಸರ ಮುಗಿದ ಮೇಲೆ ಗಂಡ, ಹೆಂಡತಿ, ಬೆಳೆದ ಮಕ್ಕಳು ಕೂಡಿ ಕುಳಿತು ಇವನ್ನು ಕೇಳಿಕೊಳ್ಳಿ.

1. ಎಂದೂ ಕಾಣದ ಅಪರಿಚಿತನೊಬ್ಬ, ನಮ್ಮಷ್ಟೇ ಆದಾಯ, ನಮ್ಮಷ್ಟೇ ಜವಾಬ್ದಾರಿ ಇರುವವನು, ಬಂದು ಕೇಳಿದರೆ ಅವನಿಗೆ ಏನು ಸಲಹೆ ಕೊಡುತ್ತೇವೆ?

2. ಮರಣದ ಗಳಿಗೆಯಲ್ಲಿ ಹಿಂದಿರುಗಿ ನೋಡಿದಾಗ ಯಾವ ನಿರ್ಧಾರ ಮಾಡಿದ್ದರೆ ಚೆನ್ನಾಗಿತ್ತು ಎನಿಸೀತು?

3. ನ್ಯಾಯತೀರ್ಪಿನ ದಿನ ಪ್ರಭುವಿನ ಮುಂದೆ ನಿಂತಾಗ ಯಾವ ನಿರ್ಧಾರವನ್ನು ನಾಚಿಕೆಯಿಲ್ಲದೆ ಹೇಳಬಲ್ಲೆವು?

ಉತ್ತರ ‘ಬೇಡ’ ಎಂದು ಬಂದರೆ ಸಂಕಟಪಡಬೇಡಿ; ಕಡಲು ಎಲ್ಲಿಗೂ ಹೋಗುವುದಿಲ್ಲ, ನೋಡಲು ಬಸ್ಸಿನ ಚಾರ್ಜು ಸಾಕು. ‘ಕೊಳ್ಳೋಣ’ ಎಂದು ಬಂದರೆ ಮನೆಯ ಕೀಲಿಯೊಂದಿಗೆ ಕೆಲವು ಹೊಣೆಗಳನ್ನೂ ತೆಗೆದುಕೊಳ್ಳಿ. ಮಾಲೀಕರ ಸಂಘದ ಸಭೆಗೆ ಹೋಗಿ, ಮೀನುಗಾರರ ದಾರಿ ತೆರೆದಿರಲಿ ಎಂದು ಹೇಳಿ. ಕಾವಲುಗಾರನಿಗೂ ಕೆಲಸದ ಹೆಣ್ಣುಮಗಳಿಗೂ ನ್ಯಾಯವಾದ ಸಂಬಳ, ಕುಡಿಯುವ ನೀರು, ಶೌಚಾಲಯ ಇವೆಯೇ ಎಂದು ಕೇಳಿ. ಮಳೆನೀರನ್ನು ಇಂಗಿಸಲು ಒತ್ತಾಯಿಸಿ. ಕುಷ್ಟಗಿಯ ಗೌಂಡಿಯೊಬ್ಬ ದುರಸ್ತಿಗೆ ಬಂದರೆ ಹೊರಗೆ ನಿಲ್ಲಿಸದೆ ಒಳಗೆ ಕೂಡಿಸಿ ಚಹಾ ಕೊಡಿ. ಆ ಗೋಡೆ ಎಬ್ಬಿಸಿದ ಕೈ ಅವನದೇ ಇದ್ದೀತು.