ಪ್ರತ್ಯೇಕ ರಾಷ್ಟ್ರದ ಮಾತು ಮತ್ತು ಕನ್ನಡ ನಾಡು: ಎಲೆಕ್ಟ್ರಾನಿಕ್ ಸಿಟಿಯ ನೆಲೆಯಿಂದ ಒಂದು ವಿವೇಚನೆ

2024ರ ಫೆಬ್ರವರಿ 1ರಂದು, ಕೇಂದ್ರದ ಮಧ್ಯಂತರ ಆಯವ್ಯಯ ಮಂಡನೆಯಾದ ದಿನ, ಅಂದಿನ ಬೆಂಗಳೂರು ಗ್ರಾಮಾಂತರ ಕ್ಷೇತ್ರದ ಲೋಕಸಭಾ ಸದಸ್ಯ ಡಿ.ಕೆ. ಸುರೇಶ್ ಅವರು, ತೆರಿಗೆ ಹಂಚಿಕೆಯ ಅನ್ಯಾಯ ಸರಿಹೋಗದಿದ್ದರೆ ದಕ್ಷಿಣದ ರಾಜ್ಯಗಳು ಪ್ರತ್ಯೇಕ ರಾಷ್ಟ್ರದ ಬೇಡಿಕೆಯನ್ನು ಮುಂದಿಡಬೇಕಾದೀತು ಎಂಬರ್ಥದ ಮಾತನ್ನಾಡಿದರು. ಮರುದಿನವೇ ಅವರ ಪಕ್ಷದ ಅಧ್ಯಕ್ಷ ಮಲ್ಲಿಕಾರ್ಜುನ ಖರ್ಗೆಯವರು ರಾಜ್ಯಸಭೆಯಲ್ಲಿ ದೇಶ ಒಡೆಯುವ ಮಾತನ್ನು ತಾವು ಸಹಿಸುವುದಿಲ್ಲವೆಂದರು. ಅನ್ಯಾಯವನ್ನು ಎತ್ತಿ ತೋರಿಸುವುದಷ್ಟೇ ತಮ್ಮ ಉದ್ದೇಶವಾಗಿತ್ತೆಂದು ಸುರೇಶ್ ಅವರೂ ಸ್ಪಷ್ಟಪಡಿಸಿದರು. ರಾಜಕೀಯ ವಿವಾದ ಅಲ್ಲಿಗೆ ತಣ್ಣಗಾಯಿತು. ಆದರೆ ಆ ಮಾತಿನ ಹಿಂದಿರುವ ತರ್ಕ, ಅಂದರೆ ಹೆಚ್ಚು ದುಡಿಯುವವರು ಹೊರಗೆ ಹೋದರೆ ಹೆಚ್ಚು ಉಳಿಸಿಕೊಳ್ಳಬಹುದೆಂಬ ಎಣಿಕೆ, ವಿದ್ಯಾವಂತರ ವಲಯದಲ್ಲಿ ಆಗಾಗ ಕೇಳಿಬರುತ್ತಲೇ ಇದೆ. ಆ ಕ್ಷೇತ್ರದ ವ್ಯಾಪ್ತಿಯಲ್ಲೇ ಇರುವ ಎಲೆಕ್ಟ್ರಾನಿಕ್ ಸಿಟಿಯನ್ನು ನೆಲೆಯಾಗಿಟ್ಟುಕೊಂಡು ಆ ಎಣಿಕೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಪದಗಳ ವಿಚಾರ. ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನಲ್ಲಿ ಬೆಂಗಳೂರೆಂಬ ಹೆಸರನ್ನು ಉಲ್ಲೇಖಿಸುವ, ಸುಮಾರು ಕ್ರಿ.ಶ. 890ರ ಕಾಲದ ಶಾಸನವಿದೆ. ಗಂಗರ ಕಾಲದ ಅದೇ ಬೇಗೂರಿನ ಮತ್ತೊಂದು ಪ್ರಸಿದ್ಧ ವೀರಗಲ್ಲು ಬೆಂಪೂರು ಹನ್ನೆರಡರ ಪ್ರಸ್ತಾಪ ಮಾಡುತ್ತದೆ. ಶಾಸನಗಳ ಭಾಷೆಯಲ್ಲಿ ನಾಡು ಎಂಬುದು ಹೆಚ್ಚಾಗಿ ದೊಡ್ಡ ಆಡಳಿತ ಘಟಕದೊಳಗಣ ಸಣ್ಣ ಘಟಕ. ಹನ್ನೆರಡು, ಮುನ್ನೂರು, ಹನ್ನೆರಡು ಸಾವಿರ ಎಂಬ ಸಂಖ್ಯೆಗಳೊಡನೆ ಅದು ಮೇಲಿನ ಮಂಡಲಕ್ಕೆ ಹೊಂದಿಕೊಂಡೇ ಬರುತ್ತದೆ. ಕವಿರಾಜಮಾರ್ಗಕಾರನು ಕಾವೇರಿಯಿಂದ ಗೋದಾವರಿಯವರೆಗೆ ಗುರುತಿಸಿದ ನಾಡು ಕೂಡ ನುಡಿಯ ವ್ಯಾಪ್ತಿಯೇ ಹೊರತು ಸಾರ್ವಭೌಮತ್ವದ ಗಡಿಯಲ್ಲ. 2004ರಲ್ಲಿ ನಾಡಗೀತೆಯಾಗಿ ಅಂಗೀಕೃತವಾದ ಕುವೆಂಪು ಅವರ ಕವಿತೆ ಕರ್ನಾಟಕವನ್ನು ಭಾರತಮಾತೆಯ ಮಗಳೆಂದು ಕಂಡಿರುವುದು ಈ ಪರಂಪರೆಗೆ ಸಹಜವಾದದ್ದು. ಕನ್ನಡದ ಅಭಿಮಾನಕ್ಕೆ ಪ್ರತ್ಯೇಕ ರಾಷ್ಟ್ರವೇ ಅಂತಿಮ ಗುರಿ ಎಂಬ ಭಾವನೆ ನಮ್ಮ ಏಕೀಕರಣ ಚಳವಳಿಯ ಮುಖ್ಯಧಾರೆಯಲ್ಲಿ ಕಾಣಸಿಗುವುದಿಲ್ಲ. ದ್ರಾವಿಡನಾಡಿನ ಕಲ್ಪನೆಯಲ್ಲಿ ಕನ್ನಡ ಪ್ರದೇಶವೂ ಸೇರಿತ್ತಾದರೂ ಕನ್ನಡಿಗರು ಅದನ್ನು ತಮ್ಮದೆಂದು ಭಾವಿಸಲಿಲ್ಲ; ತಮಿಳುನಾಡಿನಲ್ಲಿಯೂ ಅಣ್ಣಾದುರೈ ಅವರ ಪಕ್ಷ 1963ರಲ್ಲಿ ಆ ಬೇಡಿಕೆಯನ್ನು ಕೈಬಿಟ್ಟಿತು.

ಇನ್ನು ತೆರಿಗೆಯ ಪ್ರಶ್ನೆ. ದೂರು ಸುಳ್ಳಲ್ಲ ಎಂಬುದನ್ನು ಮೊದಲೇ ಹೇಳಬೇಕು. 14ನೇ ಹಣಕಾಸು ಆಯೋಗದ ಅವಧಿಯಲ್ಲಿ ಹಂಚಿಕೆಯ ಮೊತ್ತದಲ್ಲಿ ಕರ್ನಾಟಕದ ಪಾಲು ಶೇ. 4.713 ಇದ್ದುದು, 2021-26ರ ಅವಧಿಗೆ 15ನೇ ಆಯೋಗ ನಿಗದಿಪಡಿಸಿದಂತೆ ಶೇ. 3.647ಕ್ಕೆ ಇಳಿಯಿತು. ಅಂದರೆ ಪಾಲಿನ ಐದನೆಯ ಒಂದಂಶಕ್ಕಿಂತ ಹೆಚ್ಚು ನಷ್ಟ. 2020-21ನೇ ಸಾಲಿಗೆ ಆಯೋಗ ಸೂಚಿಸಿದ್ದ 5,495 ಕೋಟಿ ರೂಪಾಯಿಗಳ ವಿಶೇಷ ಅನುದಾನವೂ ಬರಲಿಲ್ಲ. ಸೆಸ್ ಮತ್ತು ಸರ್‌ಚಾರ್ಜ್‌ಗಳ ರೂಪದಲ್ಲಿ ಸಂಗ್ರಹವಾಗುವ ಹಣ ರಾಜ್ಯಗಳೊಡನೆ ಹಂಚಿಕೆಯಾಗುವುದೇ ಇಲ್ಲ. ಜನಸಂಖ್ಯೆಯನ್ನು ನಿಯಂತ್ರಿಸಿದ ರಾಜ್ಯಕ್ಕೆ ಅದೇ ಮುಳುವಾಗಬಾರದೆಂಬ ವಾದದಲ್ಲಿ ಹುರುಳಿದೆ.

ಆದರೆ ಈ ದೂರಿನಿಂದ ಬೇರ್ಪಡುವಿಕೆಯ ತೀರ್ಮಾನಕ್ಕೆ ಹಾರುವಾಗ ಒಂದು ಲೆಕ್ಕದ ತಪ್ಪು ನುಸುಳುತ್ತದೆ. ಬೆಂಗಳೂರಿನಲ್ಲಿ ದಾಖಲಾಗುವ ನೇರ ತೆರಿಗೆಯೆಲ್ಲವೂ ಕರ್ನಾಟಕದ ನೆಲದಲ್ಲೇ ಹುಟ್ಟಿದ ಆದಾಯದ್ದಲ್ಲ. ಪ್ರಧಾನ ಕಚೇರಿ ಇಲ್ಲಿರುವ ಕಂಪನಿ ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ದುಡಿಸಿದ ಲಾಭಕ್ಕೂ ಇಲ್ಲಿಯೇ ತೆರಿಗೆ ಕಟ್ಟುತ್ತದೆ. ಆದಾಯ ತೆರಿಗೆ ಇಲಾಖೆಯ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದ ಅಂಚೆ ವಿಳಾಸವೇ ಎಲೆಕ್ಟ್ರಾನಿಕ್ ಸಿಟಿ. ಬಿಹಾರದ ಶಿಕ್ಷಕನ ತೆರಿಗೆ ವಿವರಣೆಯೂ ಗುಜರಾತಿನ ವ್ಯಾಪಾರಿಯದೂ ಇಲ್ಲಿಗೆ ಬಂದು ಸೇರುತ್ತವೆ. ದೇಶದ ಗಾತ್ರವೇ ಈ ಊರಿಗೆ ಉದ್ಯೋಗವಾಗಿದೆ.

ಸಾಫ್ಟ್‌ವೇರ್ ಉದ್ಯಮದ ಗಿರಾಕಿ ಅಮೆರಿಕದವನಲ್ಲವೇ, ಭಾರತದ ಹಂಗೇಕೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಎಲೆಕ್ಟ್ರಾನಿಕ್ ಸಿಟಿಯ ಹುಟ್ಟಿನಲ್ಲಿದೆ. 1978ರಲ್ಲಿ ಆರ್.ಕೆ. ಬಾಳಿಗಾ ಅವರ ಮುಂದಾಳತ್ವದಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳಲ್ಲಿ 332 ಎಕರೆಯಲ್ಲಿ ಇದನ್ನು ಆರಂಭಿಸಿತು. ಹೊಲ ಕಳೆದುಕೊಂಡವರು ಈ ಹಳ್ಳಿಗಳ ರೈತರು, ಯೋಜನೆ ರಾಜ್ಯದ್ದು. ಆದರೆ ಅದಕ್ಕೆ ಬೇಕಾದ ತಾಂತ್ರಿಕ ಪರಿಣತಿ ಬೆಂಗಳೂರಿನಲ್ಲಿ ಅಷ್ಟರಲ್ಲಾಗಲೇ ನೆಲೆಯೂರಲು ಐಟಿಐ, ಎಚ್ಎಂಟಿ, ಬಿಇಎಲ್‌ಗಳಂಥ ಕೇಂದ್ರದ ಉದ್ಯಮಗಳು ಕಾರಣವಾಗಿದ್ದವು. ಎಚ್ಎಎಲ್ ಹುಟ್ಟಿಗೆ ಮೈಸೂರು ಸಂಸ್ಥಾನವೂ ಬಂಡವಾಳ ಹಾಕಿತ್ತು ಎಂಬುದನ್ನು ಮರೆಯಬಾರದು. ಎರಡರ ಸೇರುವಿಕೆಯಿಂದ ಬೆಳೆದದ್ದನ್ನು ಒಂದರ ಖಾತೆಗೆ ಮಾತ್ರ ಬರೆಯಲಾಗದು. ಇಂದೂ ಇಲ್ಲಿನ ದುಡಿಮೆಗಾರರು ಒಡಿಶಾದಿಂದ, ಆಂಧ್ರದಿಂದ, ಪಕ್ಕದ ಹೊಸೂರಿನಿಂದ ಅನುಮತಿಪತ್ರದ ಗೊಡವೆಯಿಲ್ಲದೆ ಬರುತ್ತಾರೆ. ಸ್ಥಳೀಯರಿಗೆ ಕೆಲಸ ಸಿಗಬೇಕೆಂಬುದು ಸರೋಜಿನಿ ಮಹಿಷಿ ವರದಿಯ ಕಾಲದಿಂದಲೂ ಇರುವ ನ್ಯಾಯವಾದ ಒತ್ತಾಯ. ಅತ್ತಿಬೆಲೆಯಲ್ಲಿ ಅಂತರರಾಷ್ಟ್ರೀಯ ಗಡಿ ಎದ್ದರೆ ಆ ಒತ್ತಾಯ ಈಡೇರುವ ಮೊದಲು ಕೆಲಸವೇ ಊರು ಬಿಡಬಹುದು. 2017ರ ಅಕ್ಟೋಬರಿನಲ್ಲಿ ಕ್ಯಾಟಲೋನಿಯಾ ಸ್ವಾತಂತ್ರ್ಯದ ಹೊಸ್ತಿಲಲ್ಲಿದ್ದಾಗ ಅಲ್ಲಿನ ದೊಡ್ಡ ಬ್ಯಾಂಕುಗಳಾದ ಸಬಾಡೆಲ್ ಮತ್ತು ಕೈಶಾಬ್ಯಾಂಕ್ ಕೆಲವೇ ದಿನಗಳಲ್ಲಿ ತಮ್ಮ ನೋಂದಾಯಿತ ಕಚೇರಿಗಳನ್ನು ಬೇರೆ ಪ್ರಾಂತಗಳಿಗೆ ಸಾಗಿಸಿದವು. ಕ್ಯಾಟಲನ್ನರ ಭಾಷಾಭಿಮಾನ ನಮಗಿಂತ ಕಡಿಮೆಯದೇನಲ್ಲ.

ವಿದ್ಯುತ್ತಿನ ಮಾತನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಕರ್ನಾಟಕದಲ್ಲಿ ಕಲ್ಲಿದ್ದಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ವಿದ್ಯುಜ್ಜಾಲ ದೇಶದ ಜಾಲಕ್ಕೆ ಸೇರಿತು.

ನೀರಿನ ವಿಷಯ ಹೆಚ್ಚು ಸೂಕ್ಷ್ಮವಾದದ್ದು. ನ್ಯಾಯಮಂಡಳಿಗಳಿಂದ ಅನ್ಯಾಯವಾಯಿತೆಂಬ ನೋವು ನಮ್ಮಲ್ಲಿದೆ. ಆದರೂ ಎರಡು ಸನ್ನಿವೇಶಗಳನ್ನು ಹೋಲಿಸಿ ನೋಡಬೇಕು. 1892 ಮತ್ತು 1924ರ ಒಪ್ಪಂದಗಳಲ್ಲಿ ಮೈಸೂರು ಸಂಸ್ಥಾನವು ಬ್ರಿಟಿಷರ ಮದರಾಸಿನೆದುರು ಪ್ರತ್ಯೇಕ ಪಕ್ಷವಾಗಿ ನಿಂತು ಬಲಾಬಲದ ಲೆಕ್ಕದಲ್ಲಿ ಸೋತಿತು. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿತು. ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗಾಗಿ. ನಗರದ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಎಂಬ ಕಾರಣ ನೀಡಿ ನ್ಯಾಯಮಂಡಳಿ ಕಡಿತಗೊಳಿಸಿದ್ದನ್ನು ನ್ಯಾಯಾಲಯ ಒಪ್ಪಲಿಲ್ಲ. ನೆರೆಯ ರಾಷ್ಟ್ರದೊಡನೆ ಮಾಡಿಕೊಳ್ಳುವ ಒಪ್ಪಂದದಲ್ಲಿ ಇಂಥ ಔದಾರ್ಯವನ್ನು ನಿರೀಕ್ಷಿಸುವುದು ಕಷ್ಟ. ಕೃಷ್ಣೆ ಹುಟ್ಟುವುದು ಮಹಾರಾಷ್ಟ್ರದ ಮಹಾಬಲೇಶ್ವರದಲ್ಲಿ ಎಂಬುದೂ ನೆನಪಿರಬೇಕು. ಬರ ಪರಿಹಾರಕ್ಕಾಗಿ 2024ರ ಮಾರ್ಚಿಯಲ್ಲಿ ರಾಜ್ಯ ಇದೇ ನ್ಯಾಯಾಲಯದ ಮೊರೆಹೋದ ಬಳಿಕ ಏಪ್ರಿಲಿನಲ್ಲಿ ಸುಮಾರು 3,400 ಕೋಟಿ ರೂಪಾಯಿ ಬಿಡುಗಡೆಯಾಯಿತು. ಕೇಳಿದ್ದು 18,000 ಕೋಟಿಗೂ ಮಿಕ್ಕಿತ್ತು, ನಿಜ. ಆದರೆ ಕೇಳುವ ಹಕ್ಕು ಒಳಗಿರುವವರಿಗೆ ಮಾತ್ರ ಇರುವಂಥದ್ದು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು, ಈ ಒಕ್ಕೂಟ ರಾಜ್ಯಗಳ ನಡುವಣ ಕರಾರಿನ ಫಲವಲ್ಲವಾದ್ದರಿಂದ ಹೊರಹೋಗುವ ಹಕ್ಕೂ ಯಾವ ರಾಜ್ಯಕ್ಕಿಲ್ಲ ಎಂದು ವಿವರಿಸಿದ್ದರು. ಯಾವ ರಾಜ್ಯವನ್ನೂ ಹೊರಹಾಕಲು ಆಗದೆಂಬ ಭರವಸೆಯೂ ಅದರಲ್ಲಿ ಅಡಗಿದೆಯೆಂದು ಪ್ರಸ್ತುತ ಲೇಖಕನಿಗೆ ತೋರುತ್ತದೆ.

ಕನ್ನಡದ ಅಧ್ಯಾಪಕರು ಎಲ್ಲಕ್ಕಿಂತ ಹೆಚ್ಚಾಗಿ ಯೋಚಿಸಬೇಕಾದುದು ಗಡಿಯಾಚೆಯ ಕನ್ನಡಿಗರ ಬಗ್ಗೆ. ಕರ್ನಾಟಕ ಬೇರೆ ರಾಷ್ಟ್ರವಾದರೆ ಕಾಸರಗೋಡು, ಜತ್ತ, ಅಕ್ಕಲಕೋಟೆ, ಸೊಲ್ಲಾಪುರ, ಆದೋನಿ, ಮಡಕಶಿರಾ, ತಾಳವಾಡಿಗಳ ಕನ್ನಡಿಗರು ವಿದೇಶದ ಪ್ರಜೆಗಳಾಗುತ್ತಾರೆ. ಗೋವಿಂದ ಪೈ ಅವರ ಮಂಜೇಶ್ವರಕ್ಕೆ ಹೋಗಲು ಪಾಸ್‌ಪೋರ್ಟ್ ಬೇಕಾಗುತ್ತದೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯವನ್ನು ಹೇಳುವ ಸಂವಿಧಾನದ 350ಎ ವಿಧಿ ಅವರಿಗೆ ಆಗಲೂ ಅನ್ವಯಿಸಬಹುದು; ಆದರೆ ಅವರ ಪರವಾಗಿ ಮಾತನಾಡುವ ಕನ್ನಡ ರಾಜ್ಯವೊಂದು ಆ ಒಕ್ಕೂಟದಲ್ಲಿ ಇರುವುದಿಲ್ಲ. 1967ರ ಮಹಾಜನ ವರದಿಯನ್ನು ಹಿಡಿದು ಕಯ್ಯಾರ ಕಿಞ್ಞಣ್ಣ ರೈ ಅವರಂಥವರು ಜೀವಮಾನವಿಡೀ ನಡೆಸಿದ ಹೋರಾಟಕ್ಕೆ ಅರ್ಥವೇ ಉಳಿಯದು.

ಗಡಿ ಮುಚ್ಚಿದರೆ ಏನಾಗುತ್ತದೆಂಬುದರ ಸಣ್ಣ ನಿದರ್ಶನ ನಮ್ಮೆದುರಿಗೇ ಇದೆ. ಕೊರೊನಾ ಸಂದರ್ಭದಲ್ಲಿ, 2020ರ ಮಾರ್ಚ್ ಅಂತ್ಯದಲ್ಲಿ, ಕರ್ನಾಟಕವು ತಲಪಾಡಿಯಲ್ಲಿ ರಸ್ತೆಯನ್ನು ಮುಚ್ಚಿತು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಗಡಿಯಲ್ಲಿ ತಡೆಯಲ್ಪಟ್ಟರು; ಅವರಲ್ಲಿ ಕನ್ನಡ, ತುಳು, ಮಲಯಾಳಂ ಆಡುವವರೆಲ್ಲ ಇದ್ದರು. ಚಿಕಿತ್ಸೆ ಸಿಗದೆ ಸತ್ತವರ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ಕೇರಳ ಉಚ್ಚ ನ್ಯಾಯಾಲಯ ದಾರಿ ತೆರೆಯಿಸಲು ಆದೇಶಿಸಿತು, ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಏಪ್ರಿಲ್ ಮೊದಲ ವಾರ ಕಳೆಯುವಷ್ಟರಲ್ಲಿ ತುರ್ತು ರೋಗಿಗಳ ವಾಹನಗಳಿಗೆ ಷರತ್ತಿನ ಮೇಲೆ ದಾರಿ ಬಿಡಲಾಯಿತು. ಎರಡೂ ಸರ್ಕಾರಗಳ ಮೇಲೆ ಅಧಿಕಾರವಿದ್ದ ಒಂದು ನ್ಯಾಯಾಲಯ ದೆಹಲಿಯಲ್ಲಿ ಇದ್ದುದರಿಂದ ಅದು ಕೆಲವು ದಿನಗಳ ಮಾತಾಗಿ ಮುಗಿಯಿತು.