ನ್ಯಾಯಾಧೀಶರೇ ಕೊಟ್ಟ ಗಡುವು ಮತ್ತು ಮೇಲ್ಮನವಿ ನ್ಯಾಯಾಲಯದ ಅಧಿಕಾರ

ಆದೇಶದಲ್ಲಿ ನಮೂದಿಸಿರುವ ಕಡೆಯ ದಿನಾಂಕವನ್ನು ನಂಬಿ ಮೇಲ್ಮನವಿಗೆ ಸಿದ್ಧರಾಗುವುದು ವ್ಯಾಪಾರಸ್ಥರ ವಾಡಿಕೆ. ಆ ದಿನಾಂಕವನ್ನು ನ್ಯಾಯಾಧೀಶರೇ ತಪ್ಪಾಗಿ ಬರೆದಿದ್ದರೆ? ಅಮೆರಿಕದ ಸುಪ್ರೀಂ ಕೋರ್ಟು ಬೌಲ್ಸ್ ವಿರುದ್ಧ ರಸೆಲ್ ಪ್ರಕರಣದಲ್ಲಿ 2007ರ ಜೂನ್ 14ರಂದು ಇದಕ್ಕಿತ್ತ ಉತ್ತರ ಕಠೋರವಾದುದು.

ಓಹಾಯೋ ರಾಜ್ಯದಲ್ಲಿ ಕೊಲೆ ಅಪರಾಧಕ್ಕಾಗಿ ಸೆರೆಯಲ್ಲಿದ್ದ ಬೌಲ್ಸ್ ಎಂಬಾತನು ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ ಸೋತನು. ಮೇಲ್ಮನವಿಯ ಅವಧಿಯೂ ಮೀರಿತು. ಅವಧಿಯನ್ನು ಪುನಃ ತೆರೆಯುವಂತೆ ಕೋರಿದಾಗ ಶಾಸನದಂತೆ ನೀಡಬಹುದಾಗಿದ್ದುದು 14 ದಿನ ಮಾತ್ರ. ನ್ಯಾಯಾಧೀಶರು ಯಾವ ಕಾರಣವನ್ನೂ ಹೇಳದೆ 17 ದಿನ ನೀಡಿ, 2004ರ ಫೆಬ್ರವರಿ 27 ಕಡೆಯ ದಿನವೆಂದು ಬರೆದರು. ಮೇಲ್ಮನವಿ 26ರಂದು ಸಲ್ಲಿಕೆಯಾಯಿತು. ನ್ಯಾಯಾಧೀಶರ ಲೆಕ್ಕದಲ್ಲಿ ಒಂದು ದಿನ ಮುಂಚೆ. ಶಾಸನದ ಲೆಕ್ಕದಲ್ಲಿ ಎರಡು ದಿನ ತಡ.

ಫೆಡರಲ್ ಮೇಲ್ಮನವಿ ನ್ಯಾಯಾಲಯವು ತನಗೆ ವಿಚಾರಣಾಧಿಕಾರವಿಲ್ಲವೆಂದಿತು. ಸುಪ್ರೀಂ ಕೋರ್ಟು 5–4 ಬಹುಮತದಿಂದ ಅದನ್ನೇ ಎತ್ತಿಹಿಡಿಯಿತು. ಕೆಳಗಿನ ಫೆಡರಲ್ ನ್ಯಾಯಾಲಯಗಳ ಅಧಿಕಾರವನ್ನು ನಿರ್ಣಯಿಸುವುದು ಅಲ್ಲಿನ ಶಾಸಕಾಂಗವಾದ ಕಾಂಗ್ರೆಸ್. ಅದು ಶಾಸನದಲ್ಲೇ ವಿಧಿಸಿದ ಕಾಲಮಿತಿ ದಾಟಿದೊಡನೆ ಪ್ರಕರಣವನ್ನು ಕೇಳುವ ಅಧಿಕಾರವೇ ಅಳಿಯುತ್ತದೆ. ಇಲ್ಲದ ಅಧಿಕಾರವನ್ನು ನ್ಯಾಯಾಧೀಶರ ತಪ್ಪಾಗಲಿ, ಕಕ್ಷಿದಾರನ ಪ್ರಾಮಾಣಿಕತೆಯಾಗಲಿ ಸೃಷ್ಟಿಸಲಾರದು ಎಂಬುದು ನ್ಯಾಯಮೂರ್ತಿ ಥಾಮಸ್ ಅವರ ತರ್ಕ. ನ್ಯಾಯಾಲಯದ ಮಾತನ್ನು ನಂಬಿದವನನ್ನೇ ಹೊರದೂಡುವುದು ಸಹಿಸಲಾಗದ್ದೆಂದು ಭಿನ್ನಮತದಲ್ಲಿ ನ್ಯಾಯಮೂರ್ತಿ ಸೌಟರ್ ಖಂಡಿಸಿದರು. ಅವರ ಮಾತಿನಲ್ಲಿ ನ್ಯಾಯವಿದೆ ಎನಿಸದಿರದು. ಆದರೆ ತೀರ್ಪು ಬಹುಮತದ್ದು.

2017ರಲ್ಲಿ ಹೇಮರ್ ಪ್ರಕರಣದಲ್ಲಿ ಇದೇ ನ್ಯಾಯಾಲಯ ಈ ತತ್ತ್ವಕ್ಕೆ ಎಲ್ಲೆ ಹಾಕಿತು. ಕೇವಲ ನ್ಯಾಯಾಲಯದ ನಿಯಮಾವಳಿಯಲ್ಲಿರುವ ಗಡುವು ಅಧಿಕಾರವನ್ನು ಕಸಿಯುವುದಿಲ್ಲ. ಎದುರು ಪಕ್ಷದವರು ಆಕ್ಷೇಪಿಸದೆ ಸುಮ್ಮನಿದ್ದರೆ ಅದು ಬಿಟ್ಟುಹೋಗಬಹುದು.

ಈ ಬಗೆಯ ತರ್ಕ ನಮಗೆ ಅಪರಿಚಿತವಲ್ಲ. ಅದೇ 2007ರ ಡಿಸೆಂಬರಿನಲ್ಲಿ ಸಿಂಗ್ ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು, ಕೇಂದ್ರ ಅಬಕಾರಿ ಕಾಯಿದೆಯ 60 ದಿನ ಹಾಗೂ ಹೆಚ್ಚುವರಿ 30 ದಿನಗಳಾಚೆಗೆ ವಿಳಂಬವನ್ನು ಮನ್ನಿಸಲು ಮೇಲ್ಮನವಿ ಆಯುಕ್ತರಿಗೆ ಅಧಿಕಾರವಿಲ್ಲವೆಂದು ತೀರ್ಪಿತ್ತಿತು. ಜಿಎಸ್‌ಟಿ ಕಾಯಿದೆಯ 107ನೇ ಪ್ರಕರಣದಲ್ಲಿಯೂ ಎರಡು ಹಂತಗಳಿವೆ: ಆದೇಶ ತಲುಪಿದ ದಿನದಿಂದ ಮೂರು ತಿಂಗಳು, ಸಾಕಷ್ಟು ಕಾರಣವಿದ್ದಲ್ಲಿ ಇನ್ನೊಂದು ತಿಂಗಳು. ಇಲ್ಲಿ ಶಾಸನ ಹೇಳುವುದು ತಿಂಗಳುಗಳನ್ನು, ದಿನಗಳನ್ನಲ್ಲ. 90 ದಿನವೆಂದು ಲೆಕ್ಕ ಹಾಕುವವರು ಪಂಚಾಂಗವನ್ನು ಇನ್ನೊಮ್ಮೆ ನೋಡುವುದು ಲೇಸು.